ಗೋವಾಕ್ಕೆ ಬರುವ ಮುಂಚೆ ಇದಿಷ್ಟು ಕೇಳಿಕೋ

ತಂಗಿ,

ಹುಬ್ಬಳ್ಳಿಯಲ್ಲಿ ಡಯಟಿಷಿಯನ್ ಆಗಿರುವ ನಿನಗೆ ಮಡಗಾಂವ್‌ನ ಖಾಸಗಿ ಆಸ್ಪತ್ರೆಯೊಂದು ಡಯಾಬಿಟಿಸ್ ಎಜುಕೇಟರ್ ಕೆಲಸಕ್ಕೆ, ಅಂದರೆ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್, ಪಥ್ಯ ಹೇಳಿಕೊಡುವ ನನ್ನಂಥದೇ ಕೆಲಸಕ್ಕೆ ಕರೆದಿದೆ. ಊರು ಹೇಗೆ, ಕೊಂಕಣಿ ಬಾರದಿದ್ದರೆ ನಡೆಯುತ್ತದಾ, ಈ ಕೆಲಸದವರು ಬೇಗ ಬೇಸತ್ತು ಬಿಟ್ಟುಹೋಗುತ್ತಾರಂತೆ ನಿಜವಾ ಅಂತ ಕೇಳಿದ್ದೀಯ.

ಊರಿನದು ಮೊದಲು ಮುಗಿಸಿಬಿಡುತ್ತೇನೆ. ಮನೆ ಸಿಗುವುದು ಕಷ್ಟ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಹೆಚ್ಚು ದುಡ್ಡು ಅಂತ ಮಾಲೀಕರಿಗೂ ಗೊತ್ತು. ಕತ್ತಲಾದ ಮೇಲೆ ಬಸ್ಸು ಕಡಿಮೆ, ಸ್ಕೂಟಿ ತಂದುಬಿಡು. ಹಿಂದಿಯಲ್ಲಿ ಶುರು ಮಾಡು, ಕೊಂಕಣಿ ಕಿವಿಗೆ ಬಿದ್ದೂ ಬಿದ್ದೂ ಬರುತ್ತದೆ.

ಕೆಲಸಕ್ಕಂತೂ ಇಲ್ಲಿ ಬರವಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಪ್ರಮಾಣ ದೇಶಕ್ಕೆ ಶೇ 11.4 ಇದ್ದರೆ ಗೋವಾಕ್ಕೆ ಶೇ 26.4. ಎಲ್ಲ ರಾಜ್ಯಗಳಿಗಿಂತ ನಾವೇ ಮುಂದೆ!

ಬೇಸರದ ಮಾತು ನಿಜ. ಡಾಕ್ಟರ ಚೀಟಿ ಬರುತ್ತದೆ, 'ಇನ್ಸುಲಿನ್ ತಗೊಳ್ಳೋದು ಹೇಳಿಕೊಡಿ' ಅಂತ. ಬಾಗಿಲಾಚೆ ಆಗಲೇ ಸಾಲು ನಿಂತಿರುತ್ತದೆ. ಕೆಲವು ಕಡೆ ಗ್ಲುಕೋಮೀಟರ್ ಮಾರುವುದನ್ನೂ ನಮ್ಮ ತಲೆಗೇ ಕಟ್ಟುತ್ತಾರೆ, ಅದಕ್ಕೊಂದು ಟಾರ್ಗೆಟ್ ಬೇರೆ. ಇದೆಲ್ಲ ಸುಸ್ತು ಮಾಡುತ್ತದೆ, ಆದರೂ ರಜೆ ಹಾಕಿ ಮಲಗಿದರೆ ಹೋಗುವ ಸುಸ್ತು. ಒಳಗಿನಿಂದ ತಿನ್ನುವುದು ಬೇರೆಯೇ ಇದೆ. ನಾವು ಹೇಳಿದ್ದು ನಾಟಿತೋ ಇಲ್ಲವೋ ಅನ್ನುವುದು ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ರಿಪೋರ್ಟಿನಲ್ಲಿ ಕಾಣುತ್ತದೆ. ಆ ರಿಪೋರ್ಟು ಡಾಕ್ಟರ ಮೇಜಿಗೆ ಹೋಗುತ್ತದೆ. ಶುಗರ್ ಹತೋಟಿಗೆ ಬಂದವರು ಅಲ್ಲಿಂದಲೇ ಮನೆಗೆ. ಏರಿದವರನ್ನು ಮಾತ್ರ ಮತ್ತೆ ನಮ್ಮ ಕಡೆ ಕಳಿಸುತ್ತಾರೆ. ದಿನವಿಡೀ ಅವರನ್ನೇ ನೋಡುತ್ತಿದ್ದರೆ ಬಾಯಿ ನೋಯಿಸಿಕೊಂಡಿದ್ದೇ ಬಂತು ಅನಿಸದೆ ಇರುತ್ತದಾ?

ನಾನಿರುವ ವಾಸ್ಕೋಗೆ ಜುವಾರಿನಗರದಿಂದ ಬಾಗಲಕೋಟೆ ಕಡೆಯ ಗೌಂಡಿಯೊಬ್ಬ ಬರುತ್ತಿದ್ದ. ಇನ್ಸುಲಿನ್ ಎಷ್ಟು ಏರಿಸಿದರೂ ಶುಗರ್ ಇಳಿಯದು. ಪಥ್ಯ ಮಾಡುವುದಿಲ್ಲ ಅಂತ ಚೀಟಿಯಲ್ಲಿ ಬರೆದಿತ್ತು. ಅಂಗಿ ಎತ್ತಿಸಿ ನೋಡಿದರೆ ಹೊಕ್ಕುಳ ಪಕ್ಕದಲ್ಲಿ ಲಿಂಬೆಹಣ್ಣಿನ ಗಾತ್ರದ ಮೆತ್ತನೆ ಗಂಟು. "ಅಲ್ಲಿ ಚುಚ್ಚಿದ್ರ ನೋವಾಗೂದಿಲ್ರೀ ಅಕ್ಕಾರ," ಅಂದ. ಒಂದೇ ಜಾಗಕ್ಕೆ ಚುಚ್ಚೀ ಚುಚ್ಚೀ ಕೊಬ್ಬು ಬೆಳೆದರೆ ಅಲ್ಲಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಜಾಗ ಬದಲಿಸಿ ಅದೇ ಡೋಸ್ ಕೊಟ್ಟರೆ ಶುಗರ್ ಧಡಕ್ಕನೆ ಬಿದ್ದೀತು ಅಂತ ಡಾಕ್ಟರಿಗೆ ಹೇಳಿ ಡೋಸ್ ಇಳಿಸಿಕೊಂಡೇ ಬದಲಿಸಿದೆವು. ಮುಂದಿನ ರಿಪೋರ್ಟ್ ಬಂದಾಗ ಡಾಕ್ಟರಿಗಿಂತ ಮೊದಲು ನನಗೆ ತಂದು ತೋರಿಸಿದ. ಅಂಥ ಕಾಗದ ಆಗಾಗ ಕೈಗೆ ಬರುತ್ತಿದ್ದರೆ ಸಂಬಳದ ಸಿಟ್ಟು ಕೂಡ ಸ್ವಲ್ಪ ದಿನ ಮರೆಯುತ್ತದೆ. (ಪೂರ್ತಿ ಮರೆಯಬೇಡ ಮತ್ತೆ!)

ಅದಕ್ಕೇ ಹೂಂ ಅನ್ನುವ ಮುಂಚೆ ಆಸ್ಪತ್ರೆಯವರನ್ನು ಕೇಳು: ನಾನು ನೋಡಿದವರಿಗೆ ಮುಂದಿನ ಸಲವೂ ನನ್ನ ಹತ್ತಿರವೇ ಅಪಾಯಿಂಟ್‌ಮೆಂಟ್ ಕೊಡುತ್ತೀರಾ, ಅವರ ರಿಪೋರ್ಟ್ ನನಗೆ ಸಿಗುತ್ತದಾ, ಮೀಟರ್ ಮಾರಾಟ ನನ್ನ ಲೆಕ್ಕಕ್ಕಾ? ಮೊದಲ ಎರಡಕ್ಕೆ 'ನೋಡೋಣ' ಅಂದರೆ ಪಣಜಿ, ಮಾಪುಸಾ ಕಡೆ ಬೇರೆ ಹುಡುಕು. ನಿನ್ನ ಕನ್ನಡವನ್ನೂ ಮುಂದಿಟ್ಟು ಸಂಬಳ ಮಾತಾಡು. ಬಾಯ್ನಾ, ಜುವಾರಿನಗರದ ನಮ್ಮ ಜನ ಊರ ಜಾತ್ರೆಗೆ ಹೊರಟರೆ ಇನ್ಸುಲಿನ್ ಇಲ್ಲೇ ಬಿಟ್ಟು ಹೋಗುತ್ತಾರೆ; ಅವರಿಗೆ ಫೋನ್ ಹಚ್ಚಿ ಬೈಯುವುದಕ್ಕೆ ನಿನ್ನಂಥವಳೇ ಬೇಕು.

ಮನೆ ನೋಡಲು ಬರುವುದಾದರೆ ಡಿಸೆಂಬರ್ ಕೊನೇ ವಾರ ಮಾತ್ರ ಬೇಡ, ಲಾಡ್ಜಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.