ದೊಡ್ಡ ರೇಡಿಯೇಟರ್ ಬೇಡ, ಮೊದಲು ಬ್ಲಾಕಿನ ನಲ್ಲಿ ಬಿಚ್ಚಿ ನೋಡಿ

ಇಂಜಿನ್ ಪೂರ್ತಿ ರೀಬಿಲ್ಡ್ ಆದಮೇಲೂ ಅಂಬಾಸಿಡರ್ ಘಾಟಿಯಲ್ಲಿ ಕುದಿಯುತ್ತಿದೆ, ದೊಡ್ಡ ರೇಡಿಯೇಟರ್ ಹಾಕಿಸಲಾ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸಲಾ ಎಂದು ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಹಾಕಿಸಿ ನೋಡಿದ್ದೇನೆ.

ನನ್ನದೂ ಅದೇ 1489 ಸಿಸಿ ಪೆಟ್ರೋಲ್ ಇಂಜಿನ್. ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸದು ಹಾಕಿಸಿದ್ದೆ. ಬಯಲಿನಲ್ಲಿ ಏನೂ ತೊಂದರೆ ಇರಲಿಲ್ಲ. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರು ಮಾಡಿದರೆ ಸಾಕು, ಟೆಂಪರೇಚರ್ ಮೀಟರಿನ ಮುಳ್ಳು ಮೇಲೇರುತ್ತಿತ್ತು, ಇಂಜಿನ್ ಒಳಗೆ ಟಕಟಕ ಬಡಿಯುತ್ತಿತ್ತು (ನಾಕ್). ಪಕ್ಕಕ್ಕೆ ಹಾಕಿ ಆಫ್ ಮಾಡಿದ ಮೇಲೆ ಒಳಗೆ ಕೊತಕೊತ ಕುದಿಯುವ ಸದ್ದು. ಓವರ್‌ಫ್ಲೋ ಪೈಪಿನಿಂದ ನೀರು ಚಿಮ್ಮುತ್ತಿತ್ತು. ರೇಡಿಯೇಟರ್ ಬದಲಾದರೂ ಇದು ನಿಲ್ಲಲಿಲ್ಲ.

ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಇಂಜಿನ್ ಉದ್ದಕ್ಕೂ ಹಿಡಿದು ನೋಡಿದೆ. ಹೆಡ್ಡಿನ, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗದ, ಮುಂಭಾಗ 85 ಡಿಗ್ರಿ ಆಸುಪಾಸು. ಹಿಂದೆ, ನಾಲ್ಕನೇ ಸಿಲಿಂಡರ್ ಹತ್ತಿರ, 110 ದಾಟಿತ್ತು! ಮೀಟರಿಗೆ ಬಿಸಿ ತಿಳಿಸುವ ಸೆಂಡರ್ ಇರುವುದು ಮುಂದೆ, ನೀರು ಕಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುವ ಥರ್ಮೋಸ್ಟಾಟ್ ಹತ್ತಿರ. ಹಿಂದೆ ಏನಾಗುತ್ತಿದೆ ಅನ್ನೋದು ಅದಕ್ಕೆ ತಿಳಿಯುವುದೇ ಇಲ್ಲ.

ಬ್ಲಾಕಿನ, ಅಂದರೆ ಸಿಲಿಂಡರ್‌ಗಳಿರುವ ಇಂಜಿನ್ ಒಡಲಿನ, ಹಿಂಭಾಗದಲ್ಲಿ ನೀರು ಬಸಿಯುವ ಸಣ್ಣ ನಲ್ಲಿ ಇರುತ್ತದಲ್ವಾ, ಅದನ್ನು ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ. ನಲ್ಲಿಯನ್ನೇ ಬಿಚ್ಚಿ ತೂತಿಗೆ ತಂತಿ ಹಾಕಿ ಕೆದಕಿದೆ. ರಾಗಿ ಅಂಬಲಿಯಷ್ಟು ಗಟ್ಟಿಯಾದ ಕೆಂಪು ಕೆಸರು ಇಳಿಯಿತು. ತುಕ್ಕು, ಬೋರ್‌ವೆಲ್ ನೀರಿನ ಸುಣ್ಣ, ಎಲ್ಲಾ ಸೇರಿದ ಕೆಸರು. ನೀರಿನ ಓಟ ನಿಧಾನವಾಗುವುದು ಹಿಂದಿನ ಮೂಲೆಯಲ್ಲೇ, ಹಾಗಾಗಿ ಅಲ್ಲೇ ತಳಕಟ್ಟುತ್ತದೆ. ಕೆಸರು ತುಂಬಿದ ಕಡೆ ಸಿಲಿಂಡರ್ ಗೋಡೆಗೆ ನೀರು ತಾಗುವುದಿಲ್ಲ. ಮುಂದೆ ಎಷ್ಟು ದೊಡ್ಡ ರೇಡಿಯೇಟರ್ ಇದ್ದರೇನು, ಬಿಸಿ ಅಲ್ಲಿಗೆ ಬಂದರೆ ತಾನೇ ಆರುವುದು?

ನಾನು ತಪ್ಪಿದ್ದು ಇಲ್ಲಿ. ಬ್ಲಾಕನ್ನು ಲೇತ್‌ಗೆ ಕೊಟ್ಟಾಗ ವೆಲ್ಷ್ ಪ್ಲಗ್, ಅಂದರೆ ನೀರಿನ ಜಾಗದ ತೂತುಗಳನ್ನು ಮುಚ್ಚುವ ಲೋಹದ ಬಿಲ್ಲೆಗಳನ್ನು, ತೆಗೆಸಲಿಲ್ಲ. ಅವು ಸೋರುತ್ತಿರಲಿಲ್ಲ, ಸುಮ್ನೆ ಯಾಕೆ ಮುಟ್ಟುವುದು ಎಂದುಕೊಂಡೆ. ಆಯಿಲ್ ಓಡಾಡುವ ಜಾಗವನ್ನೆಲ್ಲಾ ತಿಕ್ಕಿ ತೊಳೆಸಿದ್ದೆ, ನೀರು ಓಡಾಡುವ ಜಾಗದೊಳಗೆ ಟಾರ್ಚ್ ಕೂಡ ಬಿಟ್ಟು ನೋಡಿರಲಿಲ್ಲ. ಹೊರಗೆ ಹೊಸ ಬಣ್ಣ ಮಿರಮಿರ ಮಿಂಚುತ್ತಿತ್ತು. ಬರೀ ಬ್ಲಾಕ್ ಕೈಯಲ್ಲಿದ್ದಾಗ ಅದು ಒಂದು ಮಧ್ಯಾಹ್ನದ ಕೆಲಸ. ಜೋಡಿಸಿದ ಮೇಲೆ ಇಂಜಿನ್ ಮತ್ತೆ ಕೆಳಗಿಳಿಸಬೇಕಾಯಿತು, ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಹೊಸ ಹೆಡ್ ಗ್ಯಾಸ್ಕೆಟ್ ಕೂಡ ದಂಡ. ರೀಬಿಲ್ಡ್ ಬಿಲ್ಲಿನಲ್ಲಿ ವೆಲ್ಷ್ ಪ್ಲಗ್ ಸೆಟ್ ಇಲ್ಲದಿದ್ದರೆ ಅದನ್ನು ನಾನು ರೀಬಿಲ್ಡ್ ಅಂತಲೇ ಒಪ್ಪುವುದಿಲ್ಲ.

ನಿಮ್ಮ ಗಾಡಿಯಲ್ಲಿ ಇಗ್ನಿಷನ್ ಟೈಮಿಂಗನ್ನೂ, ಅಂದರೆ ಕಿಡಿ ಹಾರುವ ಸಮಯವನ್ನೂ, ನೋಡಿಸಿ. ಕಿವಿಯಲ್ಲಿ ಕೇಳಿ ಸೆಟ್ ಮಾಡಿದ್ದರೆ ಲೇಟಾಗಿರಬಹುದು, ಲೇಟಾದರೆ ಇಂಜಿನ್ ಬಿಸಿಯಾಗುತ್ತದೆ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಹೀರಿ, ಒಳಗಿನ ಪ್ಲೇಟ್ ಅಲುಗಬೇಕು. ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಬಿಸಿಯಿದ್ದಾಗ ಮಾತ್ರ ಕ್ಯಾಪ್ ಮುಟ್ಟಲೇಬೇಡಿ, ಮುಖ ಸುಟ್ಟುಹೋಗುತ್ತದೆ.

ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾದರೆ ಗಾಳಿ ಸಾಲುತ್ತಿಲ್ಲ, ಫ್ಯಾನ್ ಬೆಲ್ಟ್ ನೋಡಿ. ನಿಮ್ಮದು ಏರಿನಲ್ಲಿ ಬಿಸಿಯಾಗುತ್ತಿದೆ, ಅದಕ್ಕೆ ಎಲೆಕ್ಟ್ರಿಕ್ ಫ್ಯಾನ್ ಮದ್ದಲ್ಲ. ಥರ್ಮೋಸ್ಟಾಟ್ ಕಿತ್ತುಹಾಕಿ ಅನ್ನುವವರ ಮಾತೂ ಕೇಳಬೇಡಿ. ಬಯಲಿನಲ್ಲಿ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಏರಿನಲ್ಲಿ ಕುದಿಯುವುದೂ ನಿಲ್ಲುವುದಿಲ್ಲ.

ಈ ಭಾನುವಾರವೇ ಇಂಜಿನ್ ತಣ್ಣಗಿರುವಾಗ ಆ ನಲ್ಲಿ ತಿರುಗಿಸಿ. ನೀರು ಧಾರೆಯಾಗಿ ಬಂದರೆ ಟೈಮಿಂಗ್ ಹಿಂದೆ ಬೀಳಿ. ಬರದಿದ್ದರೆ ರೇಡಿಯೇಟರ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಬ್ಲಾಕ್ ತೊಳೆಸಿ, ಹೊಸ ವೆಲ್ಷ್ ಪ್ಲಗ್ ಹಾಕಿಸಿ.