ಕೆಎಲ್-14 ಗಾಡಿಯನ್ನೇ ಯಾಕೆ ನಿಲ್ಲಿಸುತ್ತಾರೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅಮ್ಮನನ್ನು ಡಾಕ್ಟರಿಗೆ ತೋರಿಸಲು ಅವರು ಆಗಾಗ ತಲಪಾಡಿ ದಾಟಿ ಕರ್ನಾಟಕಕ್ಕೆ ಬರುತ್ತಾರೆ. ಕಳೆದ ಸಲ ಒಂದು ಸರ್ಕಲ್‌ನಲ್ಲಿ ಮುಂದಿದ್ದ ಮಂಗಳೂರು ನಂಬರಿನ ಕೆಎ-19 ಗಾಡಿಗಳು ಸಲೀಸಾಗಿ ಹೋದವು. ಕಾಸರಗೋಡು ನಂಬರಿನ ಇವರ ಕೆಎಲ್-14 ಆಲ್ಟೋಗೆ ಮಾತ್ರ ಪೊಲೀಸರು ಕೈ ಅಡ್ಡ ಹಾಕಿದರು. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ಸರಿ ಇತ್ತು. ಆಮೇಲೆ ‘ಕರ್ನಾಟಕದ ಟ್ಯಾಕ್ಸ್ ಕಟ್ಟಿದ್ದೀರಾ’ ಎಂಬ ಪ್ರಶ್ನೆ ಬಂತು. ಹಿಂದಿನ ಸೀಟಿನಲ್ಲಿ ಅಮ್ಮ ಸ್ಕ್ಯಾನಿಂಗ್ ಫೈಲು ಹಿಡಿದು ಕೂತಿದ್ದರು, ಅಪಾಯಿಂಟ್‌ಮೆಂಟಿನ ಹೊತ್ತು ಮೀರುತ್ತಿತ್ತು. ಐನೂರು ರೂಪಾಯಿ ಕೊಟ್ಟು ಹೊರಟರು. ರಸೀದಿ ಇಲ್ಲ. ‘ಹೊರರಾಜ್ಯದ ನಂಬರ್ ಕಂಡರೆ ಪೊಲೀಸರು ಬೇರೆ ಥರ ನೋಡುತ್ತಾರಾ? ಮನೆಯಲ್ಲಿ ಕನ್ನಡ, ತುಳು ಮಾತಾಡುವ ನಾವು ಯಾವ ಊರಿನವರಾದೆವು? ಕೆಎ ನಂಬರ್ ಮಾಡಿಸಿಕೊಳ್ಳಲೇ?’ ಎಂದು ಕೇಳಿದ್ದಾರೆ. ಬೆಂಗಳೂರಿನಲ್ಲಿರುವ ಮಗನ ಕೇರಳ ನಂಬರಿನ ಕಾರಿಗೆ ಏನು ಮಾಡಬೇಕು ಎಂದೂ ಕೇಳಿದ್ದಾರೆ.

ಪ್ರಿಯ ಓದುಗರೇ,

ಬೇರೆ ಥರ ನೋಡುತ್ತಾರೆ ಅಂತಲೇ ನಾನೂ ನಂಬುತ್ತೇನೆ. ನೀವು ಊರಿನ ಹೆಸರು ಬರೆದಿದ್ದೀರಿ, ನಾನು ಬೇಕೆಂದೇ ಅಚ್ಚು ಹಾಕಿಲ್ಲ. ಇದು ಒಂದು ಊರಿನ ಕಥೆಯಲ್ಲ. ಕೆಎ ಗಾಡಿಯಲ್ಲಿ ಗೋವಾಕ್ಕೋ ಊಟಿಗೋ ಹೋಗಿ ಬಂದವರು ಇದೇ ದೂರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ?

ಕಾರಣ ಬಹಳ ಸಲ ಭಾಷಾದ್ವೇಷವೂ ಅಲ್ಲ. ಹೊರಗಿನವರು ಜಗಳಕ್ಕೆ ನಿಲ್ಲುವುದಿಲ್ಲ ಅನ್ನುವ ಲೆಕ್ಕ ಅದು. ಸ್ಥಳೀಯನಾದರೆ ಗುರುತಿನವರಿಗೆ ಫೋನ್ ಮಾಡುತ್ತಾನೆ, ಠಾಣೆಗೆ ಬರುತ್ತೇನೆ ಅನ್ನುತ್ತಾನೆ, ನಾಳೆ ಕೋರ್ಟಿಗೂ ಬಂದಾನು. ಆಸ್ಪತ್ರೆಗೆ ಹೊರಟವರು, ಕತ್ತಲಾಗುವ ಮೊದಲು ಗಡಿ ದಾಟಬೇಕಾದವರು ದುಡ್ಡು ಕೊಟ್ಟು ಹೋಗುತ್ತಾರೆ. ಅಮೆರಿಕದಲ್ಲಿ ಮಕೋವ್ಸ್ಕಿ, ಸ್ಟ್ರಾಟ್‌ಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮ್ಯಾಸಚೂಸೆಟ್ಸ್ ರಾಜ್ಯದ 2001ರ ದಾಖಲೆಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಜೋರಾಗಿ ಓಡಿಸಿ ಸಿಕ್ಕಿಬಿದ್ದವರಲ್ಲಿ ಊರಿನವರು ಬರೀ ಎಚ್ಚರಿಕೆಯಲ್ಲಿ ಪಾರಾಗುವುದು ಜಾಸ್ತಿ, ಪರ ಊರಿನವರಿಗೆ ದಂಡ ಬೀಳುವುದು ಜಾಸ್ತಿ ಎಂದು ಕಂಡಿತು. ಅವರಿಗೆ ಅಲ್ಲಿ ಓಟಿಲ್ಲ, ದಂಡ ಪ್ರಶ್ನಿಸಲು ಅಷ್ಟು ದೂರ ಮತ್ತೆ ಬರುವುದೂ ಕಷ್ಟ.

ಪೊಲೀಸರ ಕಡೆಯ ಒಂದು ಮಾತನ್ನೂ ಹೇಳಬೇಕು. ಕರ್ನಾಟಕದಲ್ಲಿ ವಾಹನ ತೆರಿಗೆ ತುಂಬಾ ಜಾಸ್ತಿ. ಇಪ್ಪತ್ತು ಲಕ್ಷಕ್ಕಿಂತ ದುಬಾರಿ ಕಾರಿಗೆ 18%, ಮೇಲೆ ಸೆಸ್ ಬೇರೆ. ಹಾಗಾಗಿ ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಇಲ್ಲೇ ವರ್ಷಗಟ್ಟಲೆ ಓಡಿಸುವ ಸಿರಿವಂತರಿದ್ದಾರೆ. ಅವರನ್ನು ಹಿಡಿಯಲೇಬೇಕು. ಆದರೆ ತೆರಿಗೆ ನೋಡುವುದು ಸಾರಿಗೆ ಇಲಾಖೆಯ, ಅಂದರೆ ಆರ್‌ಟಿಒದವರ ಕೆಲಸ. ಅದಕ್ಕೂ ಸಂಜೆ ಮನೆಗೆ ವಾಪಸಾಗುವ ನಿಮ್ಮ ಆಲ್ಟೋಗೂ ಏನು ಸಂಬಂಧ?

ನಿಮ್ಮನ್ನು ಕೇಳಿದ ಆ ‘ಟ್ಯಾಕ್ಸ್’ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. 2014ರಲ್ಲಿ ರಾಜ್ಯ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ಹೊರರಾಜ್ಯದ ಗಾಡಿ 30 ದಿನ ಮೀರಿ ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕು ಎಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅದೇನೇ ಇರಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಅದು ಯಾವತ್ತೂ ಅನ್ವಯಿಸುತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಆರ್‌ಸಿ ಇಡೀ ದೇಶಕ್ಕೆ ಸಲ್ಲುತ್ತದೆ.

ಸಮವಸ್ತ್ರದಲ್ಲಿರುವ ಪೊಲೀಸರು ಡಿಎಲ್ ಕೇಳಿದರೆ ತೋರಿಸಬೇಕು, ಅದು ಕಾನೂನು. ಆದರೆ ಕಣ್ಣಿಗೆ ಕಾಣುವ ಸಂಚಾರ ನಿಯಮ ಉಲ್ಲಂಘನೆ ಇಲ್ಲದೆ, ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಬಹಿರಂಗವಾಗಿಯೇ ಹೇಳಿದ್ದರು. ಒಳ್ಳೆಯ ಮಾತು. ಅದು ಸರ್ಕಲ್‌ನಲ್ಲಿ ನಿಂತವರ ತನಕ ಇಳಿಯಬೇಕು.

ಮುಂದಿನ ಸಲ ಹೀಗಾದರೆ ಗಾಡಿ ಬದಿಗೆ ಹಾಕಿ, ದನಿ ಏರಿಸಬೇಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಎಂಬ ಸರ್ಕಾರಿ ಆ್ಯಪ್‌ನಲ್ಲಿರುವ ದಾಖಲೆ ತೋರಿಸಿದರೆ ಸಾಕು, ಅದು ಕಾಗದಕ್ಕೆ ಸಮ. ‘ನನ್ನ ತಪ್ಪೇನು, ಯಾವ ಸೆಕ್ಷನ್’ ಎಂದು ಕನ್ನಡದಲ್ಲೇ ಕೇಳಿ. ದಂಡ ಅಂದರೆ ಮಷಿನ್‌ನಲ್ಲಿ ಚಲನ್ ಹಾಕಿ ಅನ್ನಿ. ಚಲನ್ ಹಾಕಲು ಕಾರಣವೇ ಇಲ್ಲದಿದ್ದರೆ ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಪೊಲೀಸರ ಸಮವಸ್ತ್ರದ ಮೇಲಿನ ಹೆಸರು, ಹೊತ್ತು, ಜಾಗ ಬರೆದಿಟ್ಟುಕೊಂಡು ಪೊಲೀಸ್ ಕಮಿಷನರ್ ಅಥವಾ ಎಸ್‌ಪಿಗೆ ದೂರು ಕೊಡಿ. ಅಮ್ಮನ ಜೊತೆಗಿದ್ದಾಗ ಇದೆಲ್ಲ ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ನೀವು ದುಡ್ಡು ಕೊಟ್ಟದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ನಾಚಿಕೊಳ್ಳಬೇಕಾದವರು ತೆಗೆದುಕೊಂಡವರು.

ಯಾವ ಊರಿನವರಾದೆವು ಎಂದು ಕೇಳಿದ್ದೀರಿ. ಆ ಸಾಲು ಓದಿ ಸಂಕಟವಾಯಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆ, ಮದುವೆ ಸಂಬಂಧ, ಯಕ್ಷಗಾನದ ಮೇಳ ಯಾವುದೂ ಗಡಿ ನೋಡಿ ನಿಲ್ಲಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕರ್ನಾಟಕದ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಕಾಯಿಲೆಯವರು ಪಟ್ಟ ಪಾಡು ಇನ್ನೂ ಮರೆತಿಲ್ಲ. ಕನ್ನಡ ಬಾರದ ಕೇರಳದವರಿಗೂ ಈ ರಸ್ತೆಯಲ್ಲಿ ಅಷ್ಟೇ ಹಕ್ಕಿದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೋವಾದಲ್ಲಿ ಕೆಎ ಗಾಡಿ ನಿಲ್ಲಿಸಿದರೆ ಸಿಟ್ಟಾಗುವ ನಾವು ಇಲ್ಲಿ ಕೆಎಲ್ ಗಾಡಿ ನಿಲ್ಲಿಸಿದಾಗಲೂ ಬಾಯಿ ಬಿಡಬೇಕು.

ಕೆಎ ನಂಬರ್ ಮಾಡಿಸುವ ಯೋಚನೆ ಬಿಡಿ. ನಿಮ್ಮ ಮನೆ, ಗಾಡಿ ಇರುವುದು ಮಂಜೇಶ್ವರದಲ್ಲಿ. ಮಗನ ವಿಷಯ ಬೇರೆ. ಅವನ ಕಾರು ಬೆಂಗಳೂರಿಗೆ ಬಂದು ಎರಡು ವರ್ಷ ಆಯಿತು ಅಂದಿದ್ದೀರಿ. ಒಂದೇ ರಾಜ್ಯದಲ್ಲಿ 12 ತಿಂಗಳು ಮೀರಿದರೆ ಅಲ್ಲಿನ ನಂಬರ್ ಪಡೆಯಲೇಬೇಕು, 47ನೇ ಸೆಕ್ಷನ್ ಹಾಗನ್ನುತ್ತದೆ. ಮೊದಲು ಕೇರಳದ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಲಿ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇಲ್ಲಿ ತೆರಿಗೆಯನ್ನು ಕಾರಿನ ವಯಸ್ಸು ನೋಡಿ ಹಾಕುತ್ತಾರೆ. ಅದು ಮುಗಿದ ಮೇಲೆ ಕೇರಳದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದನ್ನು ವಾಪಸ್ ಕೇಳಿ ಅರ್ಜಿ ಹಾಕಲಿ.