ಎಕೋ ಆದ ಮೇಲೂ ಕ್ಯಾತಿಟರ್ ಪರೀಕ್ಷೆ ಏಕೆ?

ಪ್ರಶ್ನೆ: ನನ್ನ ಪತ್ನಿಗೆ 52 ವರ್ಷ. ಏಳು ವರ್ಷದಿಂದ ಚರ್ಮ ಬಿಗಿಯುವ ಸಿಸ್ಟಮಿಕ್ ಸ್ಕ್ಲೀರೋಸಿಸ್ ಇದೆ. ಈಚೆಗೆ ಮನೆಯ ಮಹಡಿ ಹತ್ತಿದರೂ ಏದುಸಿರು ಬರುತ್ತದೆ. ಎಕೋದಲ್ಲಿ ಶ್ವಾಸಕೋಶದ ಒತ್ತಡ 'ಸ್ವಲ್ಪ ಜಾಸ್ತಿ' ಎಂದು ಬಂದಿದ್ದು, ಮೈಸೂರಿಗೆ ಹೋಗಿ ಕ್ಯಾತಿಟರ್ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಎಕೋ ಸಾಲದೆ?
– ಓದುಗರು, ಮಂಡ್ಯ

ಉತ್ತರ: ಸಾಲದು. ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್; ಅದು ಶ್ವಾಸಕೋಶದ ರಕ್ತನಾಳಗಳಲ್ಲಿನ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ; ಹೃದಯದ ಬಲಭಾಗದ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗವನ್ನು ನೋಡಿ ಅಂದಾಜು ಕಟ್ಟುತ್ತದೆ. ಆ ವೇಗ ಸೆಕೆಂಡಿಗೆ 2.8 ಮೀಟರ್ ದಾಟಿದರೆ ಅನುಮಾನ, 3.4 ದಾಟಿದರೆ ಬಲವಾದ ಅನುಮಾನ. 'ಸ್ವಲ್ಪ ಜಾಸ್ತಿ' ಎಂಬ ಮಾತಿಗಿಂತ ವರದಿಯಲ್ಲಿರುವ ಆ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ಈ ಕಾಯಿಲೆಯಲ್ಲಿ ಒತ್ತಡ ಏರುವುದಕ್ಕೆ ಒಂದೇ ದಾರಿಯಿಲ್ಲ. ಶ್ವಾಸಕೋಶದ ಸಣ್ಣ ರಕ್ತನಾಳಗಳೇ ದಪ್ಪಗಾಗಿ ಕಿರಿದಾಗಬಹುದು, ಶ್ವಾಸಕೋಶ ನಾರುಗಟ್ಟಿರಬಹುದು, ಹೃದಯದ ಎಡಭಾಗ ಬಿಗಿದುಕೊಂಡು ರಕ್ತ ಹಿಂದೆ ನಿಂತಿರಬಹುದು. ರಕ್ತನಾಳ ಹಿಗ್ಗಿಸುವ ಮಾತ್ರೆಗಳು ಮೊದಲನೆಯದಕ್ಕೆ ಹೊಂದುತ್ತವೆ, ಉಳಿದೆರಡರಲ್ಲಿ ಕೆಲವೊಮ್ಮೆ ತೊಂದರೆಯನ್ನೇ ಹೆಚ್ಚಿಸುತ್ತವೆ. ಆದ್ದರಿಂದ ಎಕೋ ನೋಡಿ ಮಾತ್ರೆ ಆರಂಭಿಸುವುದು ನನಗೆ ಸರಿ ಕಾಣುವುದಿಲ್ಲ. ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ಹಾಯಿಸಿ ಒತ್ತಡವನ್ನು ನೇರವಾಗಿ ಅಳೆಯುವ ಕ್ಯಾತಿಟರ್ ಪರೀಕ್ಷೆಯಲ್ಲಿ ಶ್ವಾಸಕೋಶದ ರಕ್ತನಾಳದ ಸರಾಸರಿ ಒತ್ತಡ 20 ಮಿ.ಮೀ. (ಪಾದರಸ) ಮೀರಿದ್ದು, ಎಡಭಾಗದ ಒತ್ತಡವನ್ನು ಸೂಚಿಸುವ ಅಂಕಿ 15ರೊಳಗೇ ಇದ್ದು, ರಕ್ತನಾಳದ ಪ್ರತಿರೋಧ 2 ವುಡ್ ಯೂನಿಟ್ (ಈ ಪ್ರತಿರೋಧವನ್ನು ಅಳೆಯುವ ಮಾನ) ದಾಟಿದ್ದರೆ ಮಾತ್ರ ದೋಷ ರಕ್ತನಾಳದ ಕಡೆಗಿದೆ ಎನ್ನಬಹುದು.

ಇದು ಹೆದರುವಂಥ ಪರೀಕ್ಷೆಯಲ್ಲ. ಕುತ್ತಿಗೆ, ತೋಳು ಅಥವಾ ತೊಡೆಸಂದಿಯ ರಕ್ತನಾಳದ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣ ನಳಿಕೆ ಹಾಕುತ್ತಾರೆ. ಶ್ವಾಸಕೋಶ ನಾರುಗಟ್ಟಿದೆಯೇ ಎಂದು ತೋರಿಸುವ ಎದೆಯ ಎಚ್‌ಆರ್‌ಸಿಟಿ (ಸೂಕ್ಷ್ಮ ಸಿ.ಟಿ. ಸ್ಕ್ಯಾನ್), ಶ್ವಾಸಕೋಶದ ಕಾರ್ಯಪರೀಕ್ಷೆ, ಹೃದಯದ ಮೇಲಿನ ಹೊರೆಯನ್ನು ಸೂಚಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆಗಳೂ ಜೊತೆಗಿರಲಿ. ಉಸಿರಿನ ಪ್ರಮಾಣ ಚೆನ್ನಾಗಿದ್ದೂ, ಗಾಳಿಯಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯವಾದ ಡಿಎಲ್‌ಸಿಒ ಮಾತ್ರ ಕುಸಿದಿದ್ದರೆ, ಎಕೋ ಏನೇ ಹೇಳಲಿ, ರಕ್ತನಾಳದ ಮೇಲೆ ಗುಮಾನಿ ಪಡಬೇಕು.

ಮನೆಯ ಆಕ್ಸಿಮೀಟರ್ ಅನ್ನು ಪೂರ್ತಿ ನಂಬಬೇಡಿ. ಈ ಕಾಯಿಲೆಯವರ ಬೆರಳು ತಣ್ಣೀರು ಸೋಕಿದರೂ ಬಿಳುಚಿ ನೀಲಿಗಟ್ಟುತ್ತದೆ. ಆಗ ಯಂತ್ರ ಸುಳ್ಳು ಅಂಕಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಕಿವಿಯ ಹಾಲೆಗೋ ಹಣೆಗೋ ಹಾಕುವ ಸಂವೇದಕ ಸಿಕ್ಕರೆ ಅದರಲ್ಲೇ ನೋಡಿಸಿ.

ಪರೀಕ್ಷೆಯ ದಿನ ದೂರವಿದ್ದು, ನಡುವೆ ತಲೆ ಸುತ್ತಿ ಬಿದ್ದರೆ ಅಥವಾ ಕಾಲು ಊದಿಕೊಂಡರೆ ಆ ದಿನಕ್ಕಾಗಿ ಕಾಯಬೇಡಿ. ಕೂಡಲೇ ಹೃದ್ರೋಗ ತಜ್ಞರ ಬಳಿ ಕರೆದೊಯ್ಯಿರಿ.